ಲಾಲಿಯ ರಕ್ತದಲ್ಲಿ ಕಂಡದ್ದು

ಕಳೆದ ತಿಂಗಳು ಮುದ್ದೇಬಿಹಾಳದ ನಮ್ಮ ಓಣಿಗೆ ಹತ್ತಿ ಹಿಂಜುವ ಗಾಡಿ ಬಂದಿತ್ತು. ಈಗ ಯಂತ್ರವನ್ನೇ ಟೆಂಪೋದ ಮೇಲೆ ಕೂರಿಸಿಕೊಂಡು ಊರೂರು ತಿರುಗುತ್ತಾರೆ. ಮನೆ ಮುಂದೆಯೇ ಹಳೆಯ ಗಾದಿ ಬಿಚ್ಚಿ, ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುತ್ತಾರೆ. ಎದುರು ಮನೆಯವರು ಒಂದು ಗಾದಿ ಕೊಟ್ಟಿದ್ದರು. ಯಂತ್ರ ಚಾಲೂ ಆಗಿದ್ದೇ ತಡ, ಹಳೆಯ ಹತ್ತಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದು ಒಂದೇ ವಾಸನೆಯಲ್ಲ. ತಲೆಗೆ ಹಚ್ಚಿದ ಎಣ್ಣೆ, ಕೂಸಿನ ಉಚ್ಚೆ, ಬಿಸಿಲಿಗೆ ಒಣಗಿದ ಅರಿವೆ, ವರ್ಷಗಟ್ಟಲೆ ಮಲಗಿದವರ ಬೆವರು... ಎಲ್ಲ ಕೂಡಿ ಮೂಗಿನೊಳಗೆ ನವೆ ಎಬ್ಬಿಸುವ ಬೆಚ್ಚಗಿನ ಧೂಳು. ಸೀನುತ್ತ ಹೋಗಿ ಕಿಟಕಿ ಮುಚ್ಚಿದೆ. ಮುಚ್ಚಿದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಬಸವನ ಬಾಗೇವಾಡಿಯಲ್ಲಿ ಆರು ವರ್ಷ ಈ ಧೂಳನ್ನೇ ಉಸಿರಾಡಿದವಳು ನಾನು.

ಅಲ್ಲಿ ನನ್ನದೊಂದು ರಕ್ತ ಪರೀಕ್ಷೆಯ ಲ್ಯಾಬ್ ಇತ್ತು. ಲ್ಯಾಬ್ ಎಂದರೆ ಒಂದೇ ಖೋಲಿ, ಒಂದು ಸೂಕ್ಷ್ಮದರ್ಶಕ, ಹೊರಗೆ ರೋಗಿಗಳು ಕೂಡಲು ಒಂದು ಬೆಂಚು. ನಡುವಿನ ಗೋಡೆಯ ಆಚೆ ಗಾದಿ ಅಂಗಡಿ. ಅದನ್ನು ನಡೆಸುತ್ತಿದ್ದವರನ್ನು ಇಡೀ ಓಣಿಯೇ ಗಾದಿ ಕಾಕಾ ಅನ್ನುತ್ತಿತ್ತು. ತಲೆಮಾರುಗಳಿಂದ ಹತ್ತಿ ಹಿಂಜುವ ಮನೆತನ. ಮೂಲೆಯಲ್ಲಿ ಅವರ ಅಪ್ಪನ ಕಾಲದ, ಕೈಯಿಂದ ಹತ್ತಿ ಹಿಂಜುವ ಬಿಲ್ಲು ಒರಗಿಸಿಟ್ಟಿತ್ತು. ಕೆಲಸವೆಲ್ಲ ಕರೆಂಟಿನ ಯಂತ್ರದ ಮೇಲೆ. ಆ ಯಂತ್ರವೇ ಅವರ ಕಿವಿ ತಿಂದು ಹಾಕಿತ್ತು.

ಲ್ಯಾಬ್ ತೆರೆದ ಹೊಸದರಲ್ಲಿ ನಾನು ಜಗಳಕ್ಕೆ ಹೋಗಿದ್ದೆ. ಧೂಳು ಬಂದು ನನ್ನ ಗಾಜಿನ ಸ್ಲೈಡುಗಳ ಮೇಲೆ ಕೂಡುತ್ತದೆ ಎಂದು ಎರಡು ಸಲ ಹೇಳಿದೆ, ಮೂರನೆಯ ಸಲ ಕೂಗಿದೆ. ಕಾಕಾ ನಕ್ಕು ಅಷ್ಟೇ ಜೋರಾಗಿ, "ನನ್ನ ಹತ್ತಿ ಇಲ್ದ ನೀ ಮಂದಿ ರಕ್ತ ಹ್ಯಾಂಗ ಒರಸ್ತೀಯವಾ?" ಅಂದರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವತ್ತಿನಿಂದ ನಾನು ಅವರಿಗೆ ಮಗಳಾದೆ. ಚೇಷ್ಟೆ ಮಾಡಬೇಕು ಅನಿಸಿದರೆ 'ಡಿಗ್ರಿ ಮೇಡಮ್ಮರು'.

ಡಿಗ್ರಿಯ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದಕ್ಕೆಲ್ಲ ಅದೇ ಬುಡ. ನಮ್ಮಪ್ಪ ಮಾರ್ಕೆಟ್ಟಿನಲ್ಲಿ ಹಮಾಲ. ತೊಗರಿ ಚೀಲ ಹೊತ್ತು ಹೊತ್ತು ಅವನ ಕುತ್ತಿಗೆ ಒಂದು ಕಡೆಗೆ ವಾಲಿಬಿಟ್ಟಿತ್ತು. ನಮ್ಮವ್ವ ಹೆಬ್ಬೆಟ್ಟು. ನಾನು ದಿನಾ ಬಸ್ಸಿನಲ್ಲಿ ನಿಂತುಕೊಂಡೇ ವಿಜಯಪುರಕ್ಕೆ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದೆ; ಮೇಲೆ ಲ್ಯಾಬಿನ ಡಿಪ್ಲೊಮಾ ಮಾಡಿದೆ. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲನೆಯವಳು ನಾನು. ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ, ಬಾಗಿಲಿಂದ ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವ ಜಾಗದಲ್ಲಿ ತೂಗು ಹಾಕಿದ್ದೆ. ಅದಕ್ಕೆ ನಾಚಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕಾಕಾ ಓದು ಬಾರದವರು. ಆದರೂ ಗಿರಾಕಿಗಳನ್ನು ಕರೆತಂದು ಅದರ ಮುಂದೆ ನಿಲ್ಲಿಸಿ, "ನೋಡ್ರಿ, ಹಮಾಲನ ಮಗಳು. ಸರಕಾರದ ಶಿಕ್ಕಾ ಬಿದ್ದೈತಿ" ಅನ್ನುತ್ತಿದ್ದರು. ನಮ್ಮಪ್ಪನಿಗಿಂತ ಹೆಚ್ಚಾಗಿ ಅವರೇ ಅದನ್ನು ಊರಿಗೆ ತೋರಿಸಿದರು.

ಕಾಕಾ ಹತ್ತಿರ ಒಂದು ನಾಯಿ ಇತ್ತು. ಲಾಲಿ. ಬೀದಿನಾಯಿಯೇ, ಇಟ್ಟಿಗೆ ಬಣ್ಣ, ಒಂದು ಕಿವಿ ಮಡಚಿಕೊಂಡಿರುತ್ತಿತ್ತು. ಮರಿ ಇದ್ದಾಗ ಮಳೆಗೆ ಅಂಗಡಿಯ ಕಟ್ಟೆ ಹತ್ತಿ ಬಂದದ್ದು, ಇಳಿಯಲೇ ಇಲ್ಲ. ಯಾರೂ ಕಲಿಸದಿದ್ದರೂ ಲಾಲಿ ಕಾಕಾನ ಕಿವಿಯ ಕೆಲಸ ಹಿಡಿದುಕೊಂಡಿತ್ತು. ಗಿರಾಕಿ ಬಂದು ಕೂಗಿದರೆ ಕಾಕಾಗೆ ಕೇಳಿಸುತ್ತಿರಲಿಲ್ಲ. ಲಾಲಿ ಎದ್ದು ಹೋಗಿ ಅವರ ಪಾಯಜಾಮದ ತುದಿ ಕಚ್ಚಿ ಜಗ್ಗುತ್ತಿತ್ತು. ರಸ್ತೆಯಲ್ಲಿ ಅವರ ಬಲಗಡೆಗೆ ನಡೆಯುತ್ತಿತ್ತು. ಹಿಂದಿನಿಂದ ಗಾಡಿ ಬಂದರೆ ಮೈಯಿಂದ ಅವರ ಕಾಲು ಒತ್ತಿ ಬದಿಗೆ ಸರಿಸುತ್ತಿತ್ತು. ಒಮ್ಮೆ ಕಬ್ಬಿನ ಟ್ರ್ಯಾಕ್ಟರು ಗೇಣು ಅಂತರದಲ್ಲಿ ಹಾದುಹೋದದ್ದನ್ನು ನಾನೇ ನೋಡಿದ್ದೇನೆ. ಸುದ್ದಿ ಇಂಡಿಗೆ ಮುಟ್ಟಿ, ಅಲ್ಲಿ ಫೋಮ್ ಗಾದಿಯ ಅಂಗಡಿ ಇಟ್ಟಿದ್ದ ಅವರ ಮಗ ಮರುದಿನವೇ ಬಂದ. ಕಿವಿ ಕೇಳದವರು ಒಬ್ಬರೇ ಅಂಗಡಿ ನಡೆಸುವುದು ಬೇಡ, ಇಂಡಿಗೆ ಬಂದು ಕೂಡ್ರಿ ಎಂದು ಹಟ ಹಿಡಿದ. ಕಾಕಾ ಒಪ್ಪಲಿಲ್ಲ. "ಫೋಮಿನ ಅಂಗಡ್ಯಾಗ ನಾ ಏನ್ ಮಾಡ್ಲಿ, ಗಲ್ಲಾ ಮುಂದ ಗೊಂಬಿ ಕೂತಂಗ ಕೂಡ್ಲಿ? ಲಾಲಿ ಇರೂತನಕ ನನಗೇನೂ ಆಗೂದಿಲ್ಲ. ಲಾಲಿ ಇಲ್ಲ ಅಂದ್ ದಿನ ಕರಿ, ಬರ್ತೇನಿ." ಮಗ ಅದನ್ನು ಕರಾರು ಎಂದೇ ತಿಳಿದು ಹೋದ.

ಅಷ್ಟಿದ್ದರೂ ಲಾಲಿ ಅಂಗಡಿಯ ಒಳಗೆ ಬರುವ ಹಾಗಿರಲಿಲ್ಲ. ಕಾಕಾಗೆ ಐದೂ ಹೊತ್ತು ನಮಾಜು ತಪ್ಪಬಾರದು. ನಾಯಿಯ ಜೊಲ್ಲು ತಾಗಿದ ಅರಿವೆ ನಡೆಯುವುದಿಲ್ಲ. ಅದಕ್ಕೇ ಬಾಗಿಲ ಬದಿಯ ಮೊಳೆಗೆ ಒಂದು ಹಳೆಯ ಅಂಗಿ, ಒಂದು ಪಾಯಜಾಮ ತೂಗಿರುತ್ತಿದ್ದವು. ಹೊರಗೆ ಕೂತು ಕೆಲಸ ಮಾಡುವಾಗ ಅವನ್ನೇ ತೊಡುತ್ತಿದ್ದರು. ಮಧ್ಯಾಹ್ನ ಅದೇ ಅಂಗಿಯಲ್ಲಿ ಕಟ್ಟೆ ಮೇಲೆ ಕೂತು, ಲಾಲಿಯ ಕಿವಿಯ ಸಂದಿ, ಕಾಲ್ಬೆರಳ ಸಂದಿ ಬಿಡಿಸಿ ಉಣ್ಣಿ ಕೀಳುತ್ತಿದ್ದರು. ರಕ್ತ ಕುಡಿದು ಔಡಲ ಬೀಜದಂತೆ ಉಬ್ಬಿದ ಉಣ್ಣಿಗಳು. ಕಿತ್ತು ಕಿತ್ತು ಡಬ್ಬಿಯ ಸುಣ್ಣದ ನೀರಿಗೆ ಹಾಕುತ್ತಿದ್ದರು. ಮುಗಿದ ಮೇಲೆ ಕೈಕಾಲು ತೊಳೆದು, ಅಂಗಿ ಬದಲಿಸಿ, ಟೋಪಿ ಹಾಕಿಕೊಂಡು ಹೊರಡುತ್ತಿದ್ದರು. ಒಂದು ದಿನವೂ ಬೇಸರ ಮಾಡಿಕೊಂಡದ್ದು ನೋಡಲಿಲ್ಲ. ಆದರೆ ಎಷ್ಟು ಕಿತ್ತರೂ ಮರುದಿನ ಮತ್ತೆ ಅಷ್ಟೇ. "ಎಲ್ಲಿಂದ ಬರ್ತಾವಲೇ ಇವು, ಪಿಂಚಣಿ ಇಸ್ಕೊಳ್ಳಾಕ ಬಂದಂಗ" ಎಂದು ಲಾಲಿಯನ್ನೇ ಕೇಳುತ್ತಿದ್ದರು.

ಒಂದು ವರ್ಷ ಮಳೆಗಾಲ ಮುಗಿಯುತ್ತ ಬಂದಿತ್ತು. ಲಾಲಿ ರೊಟ್ಟಿ ಮೂಸಿ ನೋಡಿ ಬಿಟ್ಟಿತು. ಎರಡು ದಿನ ಹಾಗೇ ಹೋಯಿತು. ಮೂರನೆಯ ದಿನ ಗಿರಾಕಿ ಬಂದು ಕೂಗುತ್ತಿದ್ದರೂ ಏಳಲಿಲ್ಲ. ತಲೆ ಮಾತ್ರ ಎತ್ತಿ ನೋಡಿತು. ಕಾಕಾ ಅದರ ತುಟಿ ಸರಿಸಿ ನನಗೆ ತೋರಿಸಿದರು. ಒಸಡು ಸುಣ್ಣದ ಗೋಡೆಯಂತೆ ಬೆಳ್ಳಗಾಗಿತ್ತು. ಉಚ್ಚೆ ಹಾಲು ಹಾಕದ ಕಡಕ್ ಚಹಾದ ಬಣ್ಣ. ಕಾಕಾ ಅದನ್ನು ಗೋಣಿತಟ್ಟಿನಲ್ಲಿ ಸುತ್ತಿ, ರಿಕ್ಷಾ ಮಾಡಿಕೊಂಡು ದನದ ಡಾಕ್ಟರ ಹತ್ತಿರ ಹೋದರು.

ಡಾಕ್ಟರು ನೋಡಿ, ಇದು ಉಣ್ಣಿ ಜ್ವರ ಇರಬಹುದು, ಕಾಮಣಿ, ಅಂದರೆ ಕಾಮಾಲೆಯೂ ಇರಬಹುದು, ಎರಡಕ್ಕೂ ಸೂಜಿ ಬೇರೆ ಬೇರೆ ಅಂದರಂತೆ. ಉಣ್ಣಿ ಜ್ವರದ ಸೂಜಿ ಬಿರುಸಿನದು. ಇಷ್ಟು ಸೋತ ನಾಯಿಗೆ ಸುಮ್ಮನೆ ಚುಚ್ಚಲು ಬರುವುದಿಲ್ಲ. ಕಿವಿಯ ತುದಿಯ ರಕ್ತ ತೆಗೆದು ವಿಜಯಪುರಕ್ಕೆ ಕಳಿಸಿ ನೋಡಿಸೋಣ ಅಂದರೆ ಕಾಕಾ ಒಪ್ಪಲಿಲ್ಲ. ಮನೆಯಲ್ಲೇ ಮಗಳಿದ್ದಾಳೆ, ದುರ್ಬೀನು ಇದೆ, ವಿಜಯಪುರ ಯಾಕೆ? ಅವರು ಮಂದಿಯ ರಕ್ತ ನೋಡುವವರು ಎಂದು ಡಾಕ್ಟರು ಅನುಮಾನಿಸಿದರೆ, "ರಕ್ತ ರಕ್ತನರಿ ಸಾಹೇಬ್ರ" ಅಂದರಂತೆ.

ಕಾಕಾ ಬಂದಾಗ ನನ್ನ ಬೆಂಚಿನ ಮೇಲೆ ಆರೇಳು ಮಂದಿ ಇದ್ದರು. ಕಂಕುಳಲ್ಲಿ ನಾಯಿ. ಕೇಳಬೇಕಾದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಒಬ್ಬ ಹೆಣ್ಣುಮಗಳು ಸೆರಗು ಮೂಗಿಗೆ ಹಿಡಿದು, "ಏನ್ರೆವಾ, ನಮ್ಮ ರಕ್ತಾನೂ ನಾಯಿ ರಕ್ತಾನೂ ಒಂದ ಸೂಜಿಲೆ ತಗೀತೀರೇನ?" ಅಂದಳು. ನನ್ನ ಮುಖ ಕೆಂಪಗಾಯಿತು. ಇಷ್ಟು ಓದಿ ನಾಯಿಯ ರಕ್ತ ನೋಡುವುದೇ ಎನ್ನುವುದೂ ಒಳಗೆ ಇತ್ತು, ಸುಳ್ಳು ಯಾಕೆ ಹೇಳಲಿ. ಈಗ ಆಗುವುದಿಲ್ಲ, ಮಧ್ಯಾಹ್ನ ಮಂದಿ ಹೋದ ಮೇಲೆ ಹಿಂದಿನ ಬಾಗಿಲಿಂದ ಬರ್ರಿ ಎಂದು ಕೈಸನ್ನೆ ಮಾಡಿದೆ. ಕಾಕಾ ಹೊರಟವರು ತಿರುಗಿ ಆ ಹೆಣ್ಣುಮಗಳಿಗೆ ಹೇಳಿದರು: "ನಮ್ಮ ಮಗಳಿಗೆ ಗೊತ್ತಿಲ್ಲದ್ದು ಯಾವದೂ ಇಲ್ಲವಾ. ಆಕಿ ಬರದು ಕೊಟ್ಲಂದ್ರ ಮುಗೀತು."

ಮಧ್ಯಾಹ್ನ ಹೊಸ ಸೂಜಿ ತೆಗೆದು ಕಿವಿಯ ತುದಿ ಚುಚ್ಚಿದೆ. ಲಾಲಿ ಮಿಸುಕಲಿಲ್ಲ. ರಕ್ತ ನೀರು ನೀರಾಗಿತ್ತು. ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಹಾಕಿ ನೋಡಿದೆ. ಮಂದಿಯ ಮಲೇರಿಯಾ ಹುಡುಕಿ ಹುಡುಕಿ ನನ್ನ ಕಣ್ಣಿಗೆ ಒಂದು ರೂಢಿ ಬಿದ್ದಿತ್ತು: ಕೆಂಪು ಕಣದೊಳಗೆ ಸಣ್ಣ ಉಂಗುರ, ಉಂಗುರಕ್ಕೊಂದು ಹರಳು. ಅದು ಎಲ್ಲೂ ಇರಲಿಲ್ಲ. ಕೆಲವು ಕಣಗಳಲ್ಲಿ ಮಾತ್ರ ಬೇರೆ ಏನೋ ಇತ್ತು. ಪೇರಲ ಹಣ್ಣನ್ನು ಉದ್ದಕ್ಕೆ ಎಳೆದಂಥ ನೀಲಿ ಆಕಾರಗಳು, ಎರಡೆರಡು, ಚೂಪಾದ ತುದಿಗೆ ತುದಿ ತಾಗಿಸಿಕೊಂಡು... ನಾನು ಓದಿದ ಪುಸ್ತಕದಲ್ಲಿ ಅಂಥದ್ದು ಇರಲಿಲ್ಲ. ಬಣ್ಣ ಸರಿಯಾಗಿ ಸೋಸದಿದ್ದರೆ ಕಸ ಕೂಡುತ್ತದೆ. ಅದೇ ಇದು ಅಂದುಕೊಂಡೆ.

ಅಂದುಕೊಂಡೆ ಎಂದರೆ ಪೂರ್ತಿ ನಿಜವಲ್ಲ. ಅನುಮಾನ ಬಂದಿತ್ತು. ಇನ್ನೊಂದು ಸ್ಲೈಡು ಮಾಡಬಹುದಿತ್ತು. ನನಗೆ ತಿಳಿಯಲಿಲ್ಲ, ವಿಜಯಪುರಕ್ಕೇ ಕಳಿಸ್ರಿ ಅನ್ನಬಹುದಿತ್ತು. ಆದರೆ ಕಾಕಾ ಎದುರಿಗೆ ನಿಂತಿದ್ದರು, ತಲೆಯ ಮೇಲೆ ಗಾಜು ಹಾಕಿಸಿದ ಡಿಗ್ರಿ ಇತ್ತು. ನನ್ನ ಹೆಸರು ಅಚ್ಚಾದ ಕಾಗದ ಎಳೆದುಕೊಂಡು, 'ರಕ್ತದಲ್ಲಿ ಯಾವುದೇ ಪರೋಪಜೀವಿ ಕಂಡುಬಂದಿಲ್ಲ' ಎಂದು ಬರೆದು, ಸಹಿ ಮಾಡಿ, ಶಿಕ್ಕಾ ಒತ್ತಿದೆ. ಕಾಕಾ ಅದನ್ನು ನಾಲ್ಕು ಮಡಿಕೆ ಮಾಡಿ ಟೋಪಿಯೊಳಗೆ ಇಟ್ಟುಕೊಂಡರು.

ಡಾಕ್ಟರು ಕಾಗದ ನಂಬಿ ಕಾಮಣಿಯ ಔಷಧ ಶುರು ಮಾಡಿದರು, ಸಲೈನ್ ಹಚ್ಚಿದರು. ನಾಲ್ಕು ದಿನ. ಕಾಕಾ ಅಂಗಡಿಯ ಬಾಗಿಲು ಅರ್ಧ ಎಳೆದು, ಹೊರಗಿನ ಅಂಗಿಯನ್ನೇ ತೊಟ್ಟು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಚಮಚದಿಂದ ಗಂಜಿ ಹಾಕಿದರೆ ಬಾಯಿಯ ಬದಿಯಿಂದ ಹೊರಗೆ ಬರುತ್ತಿತ್ತು. ಇಂಡಿಯಿಂದ ಮಗ ದಿನಾ ನನ್ನ ಫೋನಿಗೇ ಮಾಡುತ್ತಿದ್ದ, ಅಪ್ಪನಿಗೆ ಫೋನು ಕೇಳದಲ್ಲ. "ಹ್ಯಾಂಗೈತ್ರಿ ಅಕ್ಕಾರ ನಾಯಿ?" ಅನ್ನುತ್ತಿದ್ದ. ಅವನು ಕೇಳುತ್ತಿದ್ದದ್ದು ಅಪ್ಪ ಬರುತ್ತಾರೋ ಇಲ್ಲವೋ ಎಂದು. ನಮ್ಮಿಬ್ಬರಿಗೂ ಅದು ಗೊತ್ತಿತ್ತು.

ಐದನೆಯ ದಿನ ಡಾಕ್ಟರು ಗೊಳಸಂಗಿಯಿಂದ ಬರುವ ದಾರಿಯಲ್ಲಿ ಮೋಟರ್ ಸೈಕಲ್ ನಿಲ್ಲಿಸಿ ನನ್ನ ಲ್ಯಾಬಿಗೇ ಬಂದರು. ಸ್ಲೈಡು ಇದ್ದರೆ ತೋರಿಸ್ರಿ ಅಂದರು. ಕೊಟ್ಟೆ. ಬಗ್ಗಿ ನೋಡಿದರು. ತಿರುಪು ಸ್ವಲ್ಪ ತಿರುಗಿಸಿದರು. ಮತ್ತೆ ನೋಡಿದರು. ತಲೆ ಎತ್ತದೆಯೇ, "ಮೇಡಮ್ಮರ, ಇವು ಏನು ಅಂತೀರಿ?" ಎಂದು ಕೇಳಿದರು.

"ಬಣ್ಣದ ಕಸರಿ ಸರ್."

"ಬಣ್ಣದ ಕಸ ಜೋಡಿ ಜೋಡಿ ಕೂಡೂದಿಲ್ರಿ."

ಅಷ್ಟೇ ಅಂದದ್ದು. ಆಮೇಲೆ ಮೆತ್ತಗೆ ತಿಳಿಸಿ ಹೇಳಿದರು. ಉಣ್ಣಿ ರಕ್ತ ಕುಡಿಯುವಾಗ ತನ್ನ ಎಂಜಲಿನಿಂದ ಈ ಜೀವಿಯನ್ನು ನಾಯಿಯೊಳಗೆ ಬಿಡುತ್ತದೆ; ಅದು ಕೆಂಪು ಕಣದೊಳಗೆ ಹೊಕ್ಕು ಒಂದು ಎರಡಾಗಿ ಕಣವನ್ನೇ ಒಡೆದು ಹೊರಬರುತ್ತದೆ; ಒಡೆದ ರಕ್ತವೇ ಉಚ್ಚೆಗೆ ಚಹಾದ ಬಣ್ಣ ಕೊಡುತ್ತದೆ. ಕಿತ್ತಷ್ಟೂ ಉಣ್ಣಿ ಯಾಕೆ ಬರುತ್ತಿದ್ದವು ಎನ್ನುವುದೂ ಅವತ್ತೇ ತಿಳಿಯಿತು. ಹೊಟ್ಟೆ ತುಂಬಿದ ಉಣ್ಣಿ ತಾನೇ ಉದುರಿ ಗೋಡೆಯ ಬಿರುಕಿಗೆ, ಹತ್ತಿಯ ಕಸದ ಗುಡ್ಡೆಗೆ ಹೋಗಿ ತತ್ತಿ ಇಡುತ್ತದೆಯಂತೆ. ಕಾಕಾ ನಾಯಿಯ ಮೈ ಹುಡುಕುತ್ತಿದ್ದರು, ಉಣ್ಣಿ ಅವರು ಒರಗಿದ ಗೋಡೆಯಲ್ಲಿದ್ದವು. ಅದರ ಈಚೆ ನನ್ನ ಲ್ಯಾಬು.

"ಸೂಜಿ ಈಗ ಕೊಡ್ತೇನಿ, ತಡಾ ಆಗೈತಿ" ಅಂದರು ಡಾಕ್ಟರು. ಬಾಗಿಲಲ್ಲಿ ನಿಂತು, "ಕಾಕಾಗ ನೀವ ಹೇಳ್ರಿ. ಕಾಗದ ನಿಮ್ಮದು. ನಾ ಹೇಳಿದ್ರ ಚಾಡಿ ಹೇಳಿದಂಗ ಆಗ್ತೈತಿ."

ಸೂಜಿ ಕೊಟ್ಟರು. ಮರುದಿನ ಮಧ್ಯಾಹ್ನ ಲಾಲಿ ಸತ್ತಿತು. ಕಾಕಾ ಊರ ಹೊರಗೆ ಒಯ್ದು ಹುಗಿದು ಬಂದು, ಸ್ನಾನ ಮಾಡಿ, ಅಂಗಡಿಯೊಳಗೆ ಕೂತರು. ಯಂತ್ರ ಹಚ್ಚಲಿಲ್ಲ. ಆರು ವರ್ಷದಲ್ಲಿ ಗೋಡೆಯ ಆಚೆ ಅಷ್ಟು ಶಾಂತವಾದದ್ದು ನಾನು ಕೇಳಿರಲಿಲ್ಲ.

ಹೇಳಲೇಬೇಕು ಎಂದು ಮೂರನೆಯ ದಿನ ಹೋದೆ. ಅವರು ಗಾದಿಯ ಅಂಚು ಹೊಲಿಯುತ್ತಿದ್ದರು. ಎದುರಿಗೆ ಕೂತೆ. ಆಗ ಹೊಳೆಯಿತು, ಇದನ್ನು ಹೇಳುವುದು ಹೇಗೆ? ತುಟಿ ನೋಡಿ ತಿಳಿಯುವ ರೂಢಿ ಅವರಿಗೆ ಇರಲಿಲ್ಲ. ಬರೆದುಕೊಟ್ಟರೆ ಓದು ಬಾರದು. ಅವರಿಗೆ ಹೇಳುವುದೆಂದರೆ ಕೂಗಿಯೇ ಹೇಳಬೇಕು. ಕೂಗಿದರೆ ಕಟ್ಟೆ ದಾಟಿ, ನನ್ನ ಬೆಂಚಿನ ಮೇಲೆ ರಿಪೋರ್ಟಿಗೆ ಕಾದು ಕೂತವರೆಲ್ಲರ ಕಿವಿಗೂ ಬೀಳುತ್ತದೆ: ಈಕೆ ಬರೆದುಕೊಟ್ಟದ್ದು ತಪ್ಪು, ತಪ್ಪಿಗೆ ಜೀವ ಹೋಯಿತು. ಬಸ್ಸಿನಲ್ಲಿ ನಿಂತು ಓದಿದ್ದು, ಅಪ್ಪನ ವಾಲಿದ ಕುತ್ತಿಗೆ, ಗಾಜಿನ ಹಿಂದಿನ ಶಿಕ್ಕಾ... ಎಲ್ಲ ಒಂದು ಗಳಿಗೆ ಕಣ್ಣ ಮುಂದೆ ಹಾದುಹೋಯಿತು.

ನಾನು ಹೇಳಿದೆ. ಪಿಸುಗುಟ್ಟಲಿಲ್ಲ, ಹಾಗಂತ ಕೂಗಲೂ ಇಲ್ಲ. ನೀವು ನಾನು ಮಾತಾಡುವ ದನಿಯಲ್ಲಿ, "ಕಾಕಾ, ತಪ್ಪ ನಂದು. ರಕ್ತದಾಗ ಹುಳ ಇದ್ವು. ನನಗ ತಿಳೀಲಿಲ್ಲ, ಇಲ್ಲಂತ ಬರದೆ" ಅಂದೆ.

ಕಾಕಾ ನನ್ನ ಮುಖ ನೋಡಿ ತಲೆಯಾಡಿಸಿದರು. "ಹೂಂ" ಅಂದರು. ಸೂಜಿಗೆ ಮತ್ತೆ ದಾರ ಪೋಣಿಸತೊಡಗಿದರು. ಆ ತಲೆಯಾಡಿಸುವುದು ನನಗೆ ಗೊತ್ತಿತ್ತು. ಕೇಳಿಸದಿದ್ದಾಗ, ಮಂದಿಗೆ ಎರಡೆರಡು ಸಲ ಯಾಕೆ ತ್ರಾಸು ಎಂದು ಅವರು ಹಾಗೆ ಮಾಡುತ್ತಿದ್ದರು. ಗೊತ್ತಿದ್ದೂ ಎದ್ದು ಬಂದೆ. ಹೇಳಿದ್ದೇನೆ, ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಮಗ ಬಂದ. ಕರಾರು ಕರಾರೇ. ಯಂತ್ರವನ್ನು ಯಾರೋ ತೆಗೆದುಕೊಂಡರು, ಬಿಲ್ಲೊಂದೇ ಟೆಂಪೋ ಹತ್ತಿತು. ಕಾಕಾ ಹೊಸ ಅಂಗಿ ತೊಟ್ಟಿದ್ದರು. ಡ್ರೈವರನ ಬದಿಗೆ ಹತ್ತುವ ಮೊದಲು ನನ್ನ ಬಾಗಿಲಿಗೆ ಬಂದು, ನನ್ನ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ಬೆಂಚಿನ ಕಡೆ ತಿರುಗಿ, ಓಣಿಗೆಲ್ಲ ಕೇಳುವ ತಮ್ಮ ದನಿಯಲ್ಲಿ ಹೇಳಿದರು: "ನಾ ಹೊಂಟೆ. ಆದ್ರ ನೀವು ಬ್ಯಾರೆ ಕಡೆ ಹೋಗಬ್ಯಾಡ್ರಿ. ಈಕಿ ಹತ್ರನ ತೋರಸ್ರಿ. ಮಗಳ ಕೈಯಾಗ ತಪ್ಪ ಆಗೂದಿಲ್ಲ."

ಯಾರೋ "ಹೌದ್ರಿ ಕಾಕಾ" ಅಂದರು. ಟೆಂಪೋ ಹೋಯಿತು.

ಅದಾಗಿ ಹನ್ನೆರಡು ವರ್ಷ. ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದೆ, ಇಲ್ಲಿಯೂ ಲ್ಯಾಬ್ ಇಟ್ಟಿದ್ದೇನೆ. ಬರುವ ಮೊದಲು ಆ ದನದ ಡಾಕ್ಟರ ಹತ್ತಿರವೇ ಕೂತು ನಾಯಿಯ ರಕ್ತ ನೋಡಲು ಕಲಿತಿದ್ದೆ. ಈಗ ನಾಲತವಾಡದಿಂದಲೂ ನಾಯಿಗಳ ಸ್ಲೈಡುಗಳು ಬರುತ್ತವೆ. ಮಂದಿಯ ಸ್ಲೈಡಿನ ಬದಿಗೇ ಇಟ್ಟು ನೋಡುತ್ತೇನೆ. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಬರೆದು ಸಹಿ ಮಾಡುತ್ತೇನೆ. ಇದನ್ನು ಹೇಳಿಕೊಳ್ಳುವುದು ದೊಡ್ಡಸ್ತಿಕೆಗಲ್ಲ. ಆ ಜೋಡಿ ಆಕಾರ ಕಂಡಾಗಲೆಲ್ಲ ಕಾಕಾ ತಲೆಯಾಡಿಸಿದಂತೆ ಆಗುತ್ತದೆ, ಅಷ್ಟೇ. ಇಂಡಿಗೆ ಹೋಗಬೇಕು, ಹೋಗಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಯಾವುದೋ ಒಂದು ಅಡ್ಡ ಬರುತ್ತಿತ್ತು. ಅಡ್ಡ ಬಂದಾಗ ಒಳಗೆ ಹಗುರವೂ ಆಗುತ್ತಿತ್ತು.

ಹತ್ತಿಯ ಗಾಡಿ ಬಂದುಹೋದ ಮರುವಾರ, ಯಾರಿಗೂ ಹೇಳದೆ ಹೊರಟೆ. ಸಿಂದಗಿಯಲ್ಲಿ ಬಸ್ಸು ಬದಲಿಸಿದೆ. ದಾರಿಯುದ್ದಕ್ಕೂ ಒಂದೇ ತಯಾರಿ: ಈ ಸಲ ಕೂಗಬೇಕು, ಎಷ್ಟೇ ಮಂದಿ ಇರಲಿ. ಇಂಡಿಯಲ್ಲಿ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಮಗನಿಗೆ ಈಗ ಗಡ್ಡ ನರೆತಿದೆ. ಗಿರಾಕಿಗಳು ನಾಲ್ಕೈದು ಜನ ಇದ್ದರು; ಅವನು ಉದ್ದ ಚಾಕುವಿನಿಂದ ಫೋಮ್ ಕೊಯ್ಯುತ್ತಿದ್ದ. ಗುರುತು ಹಿಡಿದು ಕುರ್ಚಿ ಎಳೆದ. ಕಾಕಾ ಎಲ್ಲಿ ಎಂದು ಕೇಳಿದೆ.

"ಅಪ್ಪ ಹೋಗಿ ಎರಡ್ ವರ್ಷ ಆತಲ್ರಿ ಅಕ್ಕಾರ. ನಿಮಗ ಗೊತ್ತಾಗ್ಲಿಲ್ಲೇನು?"

ಕುರ್ಚಿಯಲ್ಲಿ ಕೂಡಲಿಲ್ಲ. ನಿಂತೇ ಇದ್ದೆ. ಆರು ತಾಸು ಬಸ್ಸಿನಲ್ಲಿ ಕೂಡಿಸಿಕೊಂಡು ಬಂದ ದನಿ ಗಂಟಲಲ್ಲಿ ಇತ್ತು, ಅದನ್ನು ತಿರುಗಿ ಒಯ್ಯಲು ನನ್ನಿಂದ ಆಗಲಿಲ್ಲ. ಕೂಗಿಯೇ ಹೇಳಿಬಿಟ್ಟೆ. ಲಾಲಿಯ ರಕ್ತದಲ್ಲಿ ಹುಳ ಇದ್ದವು, ನಾನು ನೋಡಿದ್ದೆ, ನೋಡಿಯೂ ಇಲ್ಲವೆಂದು ಬರೆದುಕೊಟ್ಟೆ, ನಿಮ್ಮಪ್ಪನ ಅಂಗಡಿ ಮುಚ್ಚಿದ್ದು ನನ್ನ ಕಾಗದದಿಂದ... ಗಿರಾಕಿಗಳು ಮಾತು ನಿಲ್ಲಿಸಿ ತಿರುಗಿ ನೋಡಿದರು. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಸೈಕಲ್ಲಿನಿಂದ ಕಾಲು ಕೆಳಗಿಟ್ಟು ನಿಂತ.

ಮಗ ಚಾಕು ಬದಿಗಿಟ್ಟ.

"ಮೆಲ್ಲಕ ಹೇಳ್ರಿ ಅಕ್ಕಾರ" ಅಂದ. "ನನಗ ಕಿವಿ ಕೇಳ್ತಾವ."